ಬೆಂಚಿನಲ್ಲಿ ಮೂರನೆಯವಳು

ತಿರುವನಂತಪುರ
7 ಜುಲೈ 2024

ಸುಧನ್ವ,

ಕ್ಲಬ್ಬಿನ ವಿಳಾಸಕ್ಕೆ ನನ್ನ ಕಾಗದ ಬಂದದ್ದು ನೋಡಿ ಗಾಬರಿಯಾಗಬೇಡಿ. ನಾನು ಚೆನ್ನಾಗಿದ್ದೇನೆ. ಫೋನಿನಲ್ಲಿ ಹೇಳಲಾಗದ ಒಂದು ವಿಷಯವಿದೆ, ಅಷ್ಟೆ. ಕಾಕ್ಕನಾಡಿನ ನಿಮ್ಮ ಫ್ಲ್ಯಾಟಿನಲ್ಲಿ ಅಡುಗೆಮನೆಯ ಮಾತು ಮಲಗುವ ಕೋಣೆಗೆ ಕೇಳುತ್ತದೆ. ಧನಶ್ರೀ ಉತ್ತರ ಕೊಡುವುದು ಮಲಯಾಳದಲ್ಲಾದರೂ ನಮ್ಮ ಕನ್ನಡ ಅವಳಿಗೆ ಪೂರ್ತಿ ಅರ್ಥವಾಗುತ್ತದೆ. ಮತ್ತೆ ನೀವು ಫೋನಿನಲ್ಲಿ ‘ಹೂಂ’, ‘ಸರಿ’, ‘ಅವಳಿಗೆ ಕೊಡ್ತೀನಿ’ ಎನ್ನುವುದಕ್ಕಿಂತ ಹೆಚ್ಚು ಮಾತಾಡಿದ್ದು ಈ ಹತ್ತೊಂಬತ್ತು ವರ್ಷದಲ್ಲಿ ನನಗೆ ನೆನಪಿಲ್ಲ.

ಕಳೆದ ಭಾನುವಾರ ಫುಟ್‌ಬಾಲ್ ಪಂದ್ಯ ನೋಡಲು ಬಂದಿದ್ದೆನಲ್ಲ, ಹುಡುಗಿಯರ ತಾಯಂದಿರ ನಡುವೆ ಕುಳಿತಿದ್ದೆ. ನಾನು ಯಾರೆಂದು ಅವರಿಗೆ ಗೊತ್ತಿರಲಿಲ್ಲ. ಪಕ್ಕದಲ್ಲಿದ್ದ ಹೆಂಗಸು ಬಾಳೆಕಾಯಿ ಚಿಪ್ಸಿನ ಪೊಟ್ಟಣವನ್ನು ನನ್ನ ಕಡೆ ಚಾಚಿ, ಬದಲಿ ಆಟಗಾರರ ಬೆಂಚನ್ನು ತೋರಿಸಿ, ಅಕ್ಕನಿಗೆ ಹೇಳುವ ಹಾಗೆ ಹೇಳಿದರು. ‘ಅಲ್ಲಿ ಮೂರನೆಯವಳು ಇದ್ದಾಳಲ್ಲ ಚೇಚಿ, ಅವಳು ಕೋಚಿನ ಮಗಳು. ಪಾಪ. ಬೇರೆ ಯಾರ ಮಗಳಾಗಿದ್ರೂ ಇಷ್ಟು ಹೊತ್ತಿಗೆ ಆಡ್ತಿದ್ದಳು.’

ನಾನು ಚಿಪ್ಸ್ ತೆಗೆದುಕೊಂಡೆ. ‘ಅವಳ ಅಮ್ಮ ನಾನೇ’ ಎನ್ನಲಿಲ್ಲ. ಯಾಕೆ ಅನ್ನಲಿಲ್ಲ ಎಂದು ರೈಲಿನಲ್ಲಿ ಕೊಲ್ಲಂವರೆಗೂ ಯೋಚಿಸಿದೆ. ಬಹುಶಃ ಅವರು ಇನ್ನೂ ಏನಾದರೂ ಹೇಳಲಿ ಎಂದಿರಬೇಕು.

ಅರವತ್ತೈದನೇ ನಿಮಿಷಕ್ಕೆ ಧನು ಎದ್ದು ಗೆರೆಯ ಪಕ್ಕ ಓಡತೊಡಗಿದಳು. ಬದಲಿಯವರು ಅಂಗಿಯ ಮೇಲೆ ಹಾಕುವ ಹಳದಿ ಬಿಬ್ ಕೂಡ ತೆಗೆದಿದ್ದಳು. ನೀವು ತಿರುಗದೆಯೇ ಒಂದು ಕೈ ಎತ್ತಿದಿರಿ. ಅವಳು ಹೋಗಿ ಮತ್ತೆ ಅದೇ ಜಾಗದಲ್ಲಿ ಕುಳಿತಳು. ಎಂಬತ್ತು ನಿಮಿಷದಲ್ಲಿ ನೀವು ಬೆಂಚಿನ ಕಡೆ ಒಂದು ಸಲವೂ ನೋಡಲಿಲ್ಲ. ನಾನು ಪಂದ್ಯವನ್ನು ಬಿಟ್ಟು ಅದನ್ನೇ ನೋಡುತ್ತಿದ್ದೆ.

ನನಗೆ ಆಟ ಗೊತ್ತಿಲ್ಲ, ಒಪ್ಪುತ್ತೇನೆ. ಆದರೆ ನವೆಂಬರ್ ಕೊನೆಗೆ ನಿಮ್ಮ ಕ್ಲಬ್ಬಿನಿಂದ ರಾಜ್ಯದ ಶಿಬಿರಕ್ಕೆ ನಾಲ್ಕು ಹೆಸರು ಹೋಗಬೇಕು ಎಂಬುದು ಗೊತ್ತು. ಹೊಸ ವರ್ಷ ಬಂದರೆ ಹದಿನೇಳರೊಳಗಿನ ತಂಡಕ್ಕೆ ಅವಳ ವಯಸ್ಸು ಮೀರುತ್ತದೆ ಎಂಬುದೂ ಗೊತ್ತು. ಇಲ್ಲಿ ಶಾಲೆಯ ತಂಡದ ಕ್ಯಾಪ್ಟನ್ ಆಗಿದ್ದವಳು ಪ್ಲಸ್ ಒನ್‌ಗೆ ಆ ಊರಿಗೆ ಬಂದದ್ದೇ ಇದಕ್ಕಾಗಿ. ಅವಳಿಗೆ ಸಿಗದಿದ್ದರೆ ಬೇಡ. ಆಡಿ ಸಿಗದೆ ಹೋಗಲಿ ಎಂದಷ್ಟೇ ನನ್ನ ಆಸೆ.

ಇದನ್ನು ಓದಿ ಅವಳ ಕೈಗೆ ಸಿಗದ ಕಡೆ ಇಡಿ.

ನಂದಿತಾ


ಕೊಚ್ಚಿ
16 ಜುಲೈ 2024

ನಂದಿತಾ,

ಕಾಗದ ತಲುಪಿತು. ಕ್ಲಬ್ಬಿನ ಕಾರ್ಯದರ್ಶಿ ಕೈಯಲ್ಲಿ ಹಿಡಿದುಕೊಂಡು ಬಂದು ‘ಸಾರ್‌ಗೆ ಪ್ರೇಮಪತ್ರ’ ಎಂದರು. ಅಭ್ಯಾಸಕ್ಕೆ ಬಂದಿದ್ದ ಹುಡುಗಿಯರೆಲ್ಲ ನಕ್ಕರು. ಧನು ನಗಲಿಲ್ಲ. ನಿನ್ನ ಅಕ್ಷರ ಅವಳಿಗೆ ಗುರುತು ಸಿಕ್ಕಿರಬೇಕು.

ಆ ಜಾಗದಲ್ಲಿ ಪಾವನಾ ಆಡುತ್ತಾಳೆ. ಕಾಸರಗೋಡಿನ ಹುಡುಗಿ, ಎರಡು ವರ್ಷದಿಂದ ಇಲ್ಲಿ ಇದ್ದಾಳೆ. ಮಿಡ್‌ಫೀಲ್ಡ್‌ನಲ್ಲಿ ಒಬ್ಬಳನ್ನು ತೆಗೆಯಬೇಕಾದರೆ ಕಾರಣ ಬೇಕು. ಧನು ಅವಳಿಗಿಂತ ಸ್ವಲ್ಪ ಮೇಲು ಇರಬಹುದು, ಸಮ ಇರಬಹುದು. ಸಮ ಇದ್ದರೆ ನಾನು ಪಾವನಾಳನ್ನೇ ಆಡಿಸುತ್ತೇನೆ. ಸ್ವಲ್ಪ ಮೇಲಿದ್ದರೂ ಅವಳನ್ನೇ ಆಡಿಸುತ್ತೇನೆ. ಬಹಳ ಮೇಲಿದ್ದರೆ ಮಾತ್ರ ನನ್ನ ಮಗಳು ಆಡಬಹುದು.

2001ರ ವಿಷಯ ನಿನಗೆ ಪೂರ್ತಿ ಹೇಳಿಲ್ಲ. ಆಗ ನೀನು ಇರಲಿಲ್ಲ. ಬ್ಯಾಂಕಿನ ತಂಡದಿಂದ ರಾಜ್ಯದ ಆಯ್ಕೆಗೆ ನನ್ನನ್ನು ಕರೆದಿದ್ದರು. ಹದಿನಾಲ್ಕು ದಿನದ ಶಿಬಿರ. ಕೊನೆಯ ದಿನ ಇಪ್ಪತ್ತು ಹೆಸರು ಓದಿದರು. ನನ್ನ ಜಾಗಕ್ಕೆ ಆಯ್ಕೆಗಾರರ ಅಕ್ಕನ ಮಗ. ಅವನು ಒಳ್ಳೆಯ ಹುಡುಗ, ಆಟವೂ ಕೆಟ್ಟದಾಗಿರಲಿಲ್ಲ. ಆದರೆ ಅವನು ನನಗಿಂತ ಮೇಲೋ ಕೆಳಗೋ ಎಂದು ಇವತ್ತಿಗೂ ನನಗೆ ಗೊತ್ತಿಲ್ಲ. ಅವನಿಗೂ ಗೊತ್ತಿರಲಾರದು. ಇಬ್ಬರಿಗೂ ಅನ್ಯಾಯವೇ.

ಪಾವನಾಳ ಅಪ್ಪ ಹಾಗೆ ಒಂದು ದಿನ ಕುಳಿತು ಯೋಚಿಸುವಂತಾಗಬಾರದು.

ಸುಧನ್ವ


ತಿರುವನಂತಪುರ
4 ಆಗಸ್ಟ್ 2024

ಸುಧನ್ವ,

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ‘ಬಹಳ ಮೇಲಿದ್ದರೆ ಮಾತ್ರ’ ಎಂಬಲ್ಲಿ ಮೂರು ಸಲವೂ ನಿಂತೆ. ಬೆಂಚಿನಲ್ಲಿ ಕುಳಿತವಳು ಬಹಳ ಮೇಲೆ ಎಂದು ತೋರಿಸುವುದು ಹೇಗೆ?

ನಿಮ್ಮನ್ನು ಮೊದಲು ನೋಡಿದ್ದು ನೆನಪಾಯಿತು. 2004, ಸೆಂಟ್ರಲ್ ಸ್ಟೇಡಿಯಂ. ನಾನು ಈ ಊರಿಗೆ ಬಂದು ಒಂದು ವರ್ಷವಾಗಿತ್ತು. ಆಫೀಸಿನ ನಿರ್ಮಲ ‘ಕನ್ನಡದವನೊಬ್ಬ ಆಡ್ತಾನೆ ಬಾರೆ’ ಎಂದು ಎಳೆದುಕೊಂಡು ಹೋಗಿದ್ದಳು. ಬೆಂಗಳೂರಿನ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಬೆಳೆದವನು, ಕ್ರೀಡಾ ಕೋಟಾದಲ್ಲಿ ಬ್ಯಾಂಕಿಗೆ ಬಂದವನು ಎಂದಷ್ಟೇ ಅವಳಿಗೆ ಗೊತ್ತಿತ್ತು. ಚೆಂಡು ನಿಮ್ಮ ಕಾಲಿಗೆ ಬಂದ ತಕ್ಷಣ ಇನ್ನೊಬ್ಬರಿಗೆ ಹೋಗುತ್ತಿತ್ತು. ಗೋಲು ಹೊಡೆದವನನ್ನು ಜನ ಹೆಗಲ ಮೇಲೆ ಹೊತ್ತಾಗ ನೀವು ಮಧ್ಯದ ಗೆರೆಯ ಹತ್ತಿರ ಸಾಕ್ಸ್ ಎಳೆದುಕೊಳ್ಳುತ್ತಿದ್ದಿರಿ. ನನಗೆ ಅದು ಇಷ್ಟವಾಯಿತು. ಹನ್ನೊಂದು ವರ್ಷ ಆಡಿ ನೀವು ಹೊಡೆದದ್ದು ನಾಲ್ಕು ಗೋಲು ಎಂದು ಮದುವೆಯಾದ ಮೇಲೆ ತಿಳಿಯಿತು.

2007ರಲ್ಲಿ ಬ್ಯಾಂಕು ತಂಡವನ್ನು ಮುಚ್ಚಿತು. ಮರುದಿನ ನೀವು ನಗದು ಕೌಂಟರಿನಲ್ಲಿ ಕುಳಿತಿರಿ. ಸಂಜೆ ಬಂದು ಸಾರನ್ನ ಉಂಡಿರಿ. ನಾನು ಏನೂ ಕೇಳಲಿಲ್ಲ. ಒಬ್ಬ ಮನುಷ್ಯನ ಆಟ ನಿಂತುಹೋದದ್ದನ್ನು ನಾನು ಒಂದು ವರ್ಗಾವಣೆಯ ಆದೇಶದ ಹಾಗೆ ತೆಗೆದುಕೊಂಡೆ. ಹದಿನಾರು ವರ್ಷ ಕೌಂಟರಿನಲ್ಲಿ ಕುಳಿತು, ರಜೆ ಹಾಕಿ ಒಂದೊಂದೇ ಕೋಚಿಂಗ್ ಲೈಸೆನ್ಸ್ ಮಾಡಿಕೊಂಡು, ನೀವು ಆ ಕ್ಲಬ್ಬಿಗೆ ಹೊರಟಾಗ ಮಾತ್ರ ನನಗೆ ಅರ್ಥವಾಯಿತು, ಅದು ನಿಂತಿರಲೇ ಇಲ್ಲ ಎಂದು.

ಧನು ಈಗ ಫೋನಿನಲ್ಲಿ ಆಟದ ಸುದ್ದಿ ಎತ್ತುವುದಿಲ್ಲ. ಕೇಳಿದರೆ ‘ಕುಳಪ್ಪಮಿಲ್ಲಮ್ಮ’ ಎನ್ನುತ್ತಾಳೆ. ತೊಂದರೆ ಇಲ್ಲ, ತೊಂದರೆ ಇಲ್ಲ. ಜೂನಿನಿಂದ ಏಳು ಪಂದ್ಯದಲ್ಲಿ ಎಷ್ಟು ಹೊತ್ತು ಆಡಿದೆ ಎಂದು ಒತ್ತಾಯ ಮಾಡಿ ಕೇಳಿದಾಗ ಇಪ್ಪತ್ತೈದು ನಿಮಿಷ ಎಂದಳು. ಎಲ್ಲ ಸೇರಿ.

ನೀವು ಎಲ್ಲವನ್ನೂ ಬೇರೆಯವರಿಗೆ ದಾಟಿಸುವವರು. ಅದು ನಿಮ್ಮ ಚೆಂಡಾಗಿದ್ದಾಗ ಯಾರ ತಕರಾರೂ ಇರಲಿಲ್ಲ. ಇದು ಅವಳದು.

ಕಟುವಾಯಿತೇನೋ. ಹಾಗೇ ಕಳಿಸುತ್ತಿದ್ದೇನೆ.

ನಂದಿತಾ


ಕೊಚ್ಚಿ
25 ಆಗಸ್ಟ್ 2024

ನಂದಿತಾ,

ಕಳೆದ ಭಾನುವಾರ ಧನುವನ್ನು ಆಟಕ್ಕೆ ಇಳಿಸಿದೆ. ನಿನ್ನ ಕಾಗದದಿಂದಲೇ ಇಳಿಸಿದೆ ಎಂದುಕೋ. ಐವತ್ತೆಂಟನೇ ನಿಮಿಷ, ಪಂದ್ಯ ಒಂದಕ್ಕೊಂದು ಸಮ ಇತ್ತು. ಪಾವನಾ ದಣಿದಿದ್ದಳು.

ಅವಳು ಗೆರೆ ದಾಟುತ್ತಿದ್ದ ಹಾಗೆ ಆ ಕಡೆ ನಿಂತಿದ್ದ ಯಾರೋ ಒಬ್ಬ ಗಂಡಸು ಜೋರಾಗಿ ಹೇಳಿದ. ‘ಕೋಚಿನ ಮಗಳು ಇಳಿದಳು. ಇನ್ನು ಗೆದ್ದ ಹಾಗೇ, ಎಲ್ಲರೂ ಮನೆಗೆ ಹೋಗೋಣ.’ ಸುತ್ತ ನಿಂತವರು ನಕ್ಕರು. ಕೆಟ್ಟ ನಗುವಲ್ಲ, ಪಂದ್ಯದಲ್ಲಿ ನಗುವ ನಗು. ನನಗೆ ಕೇಳಿಸಿತು, ಅವಳಿಗೂ ಕೇಳಿಸಿತು. ಅವಳ ಮೊದಲ ಪಾಸ್ ನೇರವಾಗಿ ಎದುರಾಳಿಯ ಕಾಲಿಗೆ ಹೋಯಿತು. ಎರಡನೆಯದೂ ಹೋಯಿತು. ಒಂಬತ್ತು ನಿಮಿಷಕ್ಕೆ ನಾನು ಅವಳನ್ನು ವಾಪಸು ಕರೆದೆ.

ಬದಲಿಯಾಗಿ ಹೋದವಳನ್ನು ಮತ್ತೆ ಬದಲಿಸುವುದು ಆಟಗಾರರಿಗೆ ಎಂಥ ಅವಮಾನ ಎಂದು ನನಗೆ ಗೊತ್ತು. ನನಗೆ ಯಾರೂ ಹಾಗೆ ಮಾಡಿರಲಿಲ್ಲ.

ಆಟೋದಲ್ಲಿ ಮನೆಗೆ ಬರುವಾಗ ಅವಳು ಕಿವಿಗೆ ಇಯರ್‌ಫೋನ್ ಹಾಕಿಕೊಂಡಿದ್ದಳು. ಹಾಡು ಹಾಕಿರಲಿಲ್ಲ, ತಂತಿ ಫೋನಿಗೆ ಸಿಕ್ಕಿಸಿಯೇ ಇರಲಿಲ್ಲ.

ಇನ್ನೊಂದು ಮಾತು. ಹೇಳಬಾರದು ಎಂದುಕೊಂಡಿದ್ದೆ. ಜೂನ್ ಎರಡರಂದು ನೀನು ನಮ್ಮನ್ನು ಬಿಡಲು ಬಂದು, ವೈಟ್ಟಿಲದ ಬಸ್ ನಿಲ್ದಾಣದಿಂದ ವಾಪಸು ಹೊರಟೆಯಲ್ಲ. ಬಸ್ಸು ಹತ್ತಿದವಳು ಮತ್ತೆ ಇಳಿದು ಬಂದೆ. ಧನು ನೀರಿನ ಬಾಟಲಿ ತರಲು ಹೋಗಿದ್ದಳು. ನೀನು ಹೇಳಿದೆ, ‘ನಮ್ಮ ಮಗಳು ಅಂತ ಒಬ್ಬರೂ ಬೆರಳು ತೋರಿಸೋ ಹಾಗೆ ಆಗಬಾರದು ಸುಧನ್ವ. ಅದೊಂದು ನೋಡ್ಕೊಳ್ಳಿ.’ ನಾನು ಹೂಂ ಅಂದೆ.

ಅದನ್ನೇ ನೋಡಿಕೊಳ್ಳುತ್ತಿದ್ದೇನೆ.

ಸುಧನ್ವ


ತಿರುವನಂತಪುರ
22 ಸೆಪ್ಟೆಂಬರ್ 2024

ಸುಧನ್ವ,

ನಿಮ್ಮ ಕಾಗದಕ್ಕೆ ಉತ್ತರ ಬರೆಯದೆ ಒಂದು ತಿಂಗಳು ಹೋಯಿತು. ನಡುವೆ ಓಣಂಗೆ ನೀವಿಬ್ಬರೂ ಬಂದಿರಿ. ಮೂರು ದಿನ ಒಂದೇ ಮನೆಯಲ್ಲಿದ್ದೆವು, ಎಲೆ ಹಾಕಿ ಊಟ ಮಾಡಿದೆವು, ಪಾಯಸ ಎರಡು ಸಲ ಬಡಿಸಿದೆ. ಮೂವರಲ್ಲಿ ಒಬ್ಬರೂ ಫುಟ್‌ಬಾಲಿನ ಸುದ್ದಿ ಎತ್ತಲಿಲ್ಲ. ಧನು ಬೂಟು ತಂದೇ ಇರಲಿಲ್ಲ. ಹಿಂದೆಲ್ಲ ರಜೆಗೆ ಬಂದರೆ ಕಾಲೊನಿಯ ಮೈದಾನದಿಂದ ಅವಳನ್ನು ಊಟಕ್ಕೆ ಕರೆದು ಕರೆದು ನನ್ನ ಗಂಟಲು ಹೋಗುತ್ತಿತ್ತು.

ವೈಟ್ಟಿಲದಲ್ಲಿ ಆಡಿದ ಮಾತು ನನಗೆ ನೆನಪೇ ಇರಲಿಲ್ಲ. ಮೊದಲು ನೀವು ಅದನ್ನು ಗುರಾಣಿ ಮಾಡಿಕೊಂಡಿದ್ದೀರಿ ಎಂದು ಸಿಟ್ಟು ಬಂತು. ನಿಮ್ಮ 2001 ನಿಮ್ಮದು, ಅದಕ್ಕೆ ನನ್ನ ಹೆಸರೇಕೆ ಎನಿಸಿತು. ಆಮೇಲೆ ನೆನಪಾಯಿತು. ಹೌದು, ಬಸ್ಸಿನಿಂದ ಇಳಿದು ಬಂದಿದ್ದೆ. ಹೋಗುವ ಮುನ್ನ ಅವಳ ಊಟದ ಬಗ್ಗೆಯೋ ಓದಿನ ಬಗ್ಗೆಯೋ ಹೇಳಬಹುದಾಗಿದ್ದ ನಾನು ಹೇಳಿದ್ದು ಅದನ್ನು. ನಾಲ್ಕು ಜನ ಏನೆನ್ನುತ್ತಾರೆ ಎಂಬುದನ್ನು. ನಿಮಗೆ ನನ್ನ ಮಾತು ಬೇಕಾಗಿರಲಿಲ್ಲ, ನೀವು ಮೊದಲೇ ಹಾಗಿದ್ದವರು. ಅದಕ್ಕೆ ನಾನು ಇನ್ನೊಂದು ಬೀಗ ಹಾಕಿ ಬಂದೆ.

ಈಗ ನನ್ನ ಆಫೀಸಿನದೊಂದು ಕೇಳಿ. ಕೇಂದ್ರ ಸರ್ಕಾರದ ಈ ಕಚೇರಿಯ ನೇಮಕಾತಿ ವಿಭಾಗದಲ್ಲಿ ನಾನು ಕುಳಿತು ಹನ್ನೆರಡು ವರ್ಷ. ಪ್ರತಿ ಆಯ್ಕೆಗೂ ಮುಂಚೆ ಒಂದು ಹಾಳೆಗೆ ಸಹಿ ಹಾಕುತ್ತೇವೆ. ಅಭ್ಯರ್ಥಿಗಳಲ್ಲಿ ನನ್ನ ಹತ್ತಿರದ ಸಂಬಂಧಿಕರು ಇದ್ದಾರೆ, ಇಲ್ಲ. ಎರಡರಲ್ಲಿ ಒಂದನ್ನು ಹೊಡೆದುಹಾಕಬೇಕು. 2016ರಲ್ಲಿ ಚಿಕ್ಕಮ್ಮನ ಮಗ ವಿಕಾಸ್ ತಂತ್ರಜ್ಞನ ಹುದ್ದೆಗೆ ಅರ್ಜಿ ಹಾಕಿದ್ದ. ನಾನು ‘ಇಲ್ಲ’ ಎಂಬುದನ್ನು ಹೊಡೆದು, ಸಹಿ ಮಾಡಿ, ಫೈಲನ್ನು ಪಕ್ಕದ ಮೇಜಿನವರಿಗೆ ಕೊಟ್ಟು, ಮೂರು ದಿನ ಬೇರೆ ಕೋಣೆಯಲ್ಲಿ ಕುಳಿತೆ. ಅವನಿಗೆ ಕೆಲಸ ಸಿಗಲಿಲ್ಲ. ಆದರೆ ಪರೀಕ್ಷೆ ಬರೆದ. ಈಗಲೂ ಮೈಸೂರಿಗೆ ಹೋದರೆ ‘ಬಾ ಅಕ್ಕ’ ಎಂದು ತಾನೇ ಕಾಫಿ ಬೆರೆಸಿ ಕೊಡುತ್ತಾನೆ.

ನನ್ನ ಸಂಬಂಧಿಕ ಎಂದು ಅವನ ಹೆಸರನ್ನೇ ಪಟ್ಟಿಯಿಂದ ತೆಗೆಯಿರಿ ಎಂದು ನನಗೆ ಯಾರೂ ಹೇಳಲಿಲ್ಲ. ಹೇಳಿದ್ದರೆ ಅದೂ ತಪ್ಪೇ ಎಂದು ವಾದ ಮಾಡುತ್ತಿದ್ದೆ. ಹೊರಗೆ ಹೋಗಬೇಕಾದದ್ದು ನಾವು, ಅವರಲ್ಲ. ಆಫೀಸಿನಲ್ಲಿ ಇಷ್ಟು ಸ್ಪಷ್ಟವಾಗಿ ಗೊತ್ತಿದ್ದದ್ದು ಬಸ್ ನಿಲ್ದಾಣದಲ್ಲಿ ನನಗೆ ಹೊಳೆಯಲಿಲ್ಲ.

ಆದ್ದರಿಂದ ಕೇಳುತ್ತೇನೆ, ಸಹಿ ಮಾಡಿ ಹೊರಗೆ ಬನ್ನಿ. ನಿಮ್ಮ ಸಹಾಯಕಿ ಜಾಯ್ಸ್ ಇದ್ದಾಳಲ್ಲ, ಅವಳು ಆರಿಸಲಿ. ಆಡಿಸುವುದೂ ಅವಳೇ, ಹೆಸರು ಕಳಿಸುವುದೂ ಅವಳೇ. ಅವಳು ಏನು ಮಾಡಿದರೂ ನಾನು ಒಂದು ಮಾತು ಆಡುವುದಿಲ್ಲ.

ಇನ್ನು ಎರಡು ತಿಂಗಳಿದೆ.

ನಂದಿತಾ


ಕೊಚ್ಚಿ
20 ಅಕ್ಟೋಬರ್ 2024

ನಂದಿತಾ,

ನೀನು ಹೇಳಿದ ಹಾಗೆ ಮಾಡಿದೆ. ಕಾರ್ಯದರ್ಶಿಗೆ ಬರೆದುಕೊಟ್ಟೆ. ಹದಿನೇಳರೊಳಗಿನವರು ಈಗ ಜಾಯ್ಸ್ ಕೈಯಲ್ಲಿ, ದೊಡ್ಡವರ ತಂಡ ಮಾತ್ರ ನನ್ನದು. ‘ಇದೆಲ್ಲ ಯಾಕೆ ಸಾರ್, ಇಲ್ಲಿ ಯಾರು ಕೇಳಿದರು’ ಎಂದರು ಅವರು. ಹೆಂಡತಿಯ ಆಫೀಸಿನಲ್ಲಿ ಹೀಗೆ ಮಾಡುತ್ತಾರೆ ಎಂದೆ. ಕೇಂದ್ರ ಸರ್ಕಾರ ಎಂದ ಮೇಲೆ ಅವರು ಸೀಲು ಒತ್ತಿದರು.

ಜಾಯ್ಸ್ ನಿನ್ನೂರ ಪಕ್ಕದ ವಿಳಿಂಜಂನವಳು ಎಂದು ಹೇಳಿದ್ದೆನಲ್ಲ. ಹತ್ತು ವರ್ಷ ಗೋಲ್‌ಕೀಪರ್ ಆಗಿದ್ದವಳು. ಅವಳಿಗೆ ವಿಷಯ ತಿಳಿಸಿ, ನನ್ನ ಮುಖ ನೋಡಿ ಏನೂ ಮಾಡಬೇಡ ಎಂದೆ. ಅವಳು ಕೈಗವಸು ಒಣಹಾಕುತ್ತಾ, ‘ಸಾರ್, ಬಂದದ್ದನ್ನ ತಡೆಯೋದೇ ನನ್ನ ಕೆಲಸ. ಸಾರ್ ಮಗಳು ಅಂತ ನನ್ನ ಕೈ ತಾನಾಗಿ ಬಿಡೋದಿಲ್ಲ’ ಎಂದಳು. ಅವಳ ಕೈಗೆ ಕೊಟ್ಟದ್ದು ಸರಿ ಎನಿಸಿತು.

ಜಾಯ್ಸ್ ಪಾವನಾಳನ್ನು ಸ್ವಲ್ಪ ಮುಂದಕ್ಕೆ ಹಾಕಿ ಧನುವನ್ನು ನಡುವೆ ಆಡಿಸುತ್ತಿದ್ದಾಳೆ. ಮೂರು ಪಂದ್ಯ ಆಯಿತು, ಮೂರರಲ್ಲೂ ಪೂರ್ತಿ ಎಂಬತ್ತು ನಿಮಿಷ. ನಾನು ಹತ್ತಿರ ಇರಬಾರದು ಎಂದು ನೀರಿನ ಟ್ಯಾಂಕಿನ ಹಿಂದೆ ನಿಂತು ನೋಡುತ್ತೇನೆ. ಅಲ್ಲಿಂದ ಮುಕ್ಕಾಲು ಮೈದಾನ ಕಾಣುತ್ತದೆ. ಎಡಗಡೆಯ ಮೂಲೆ ಕಾಣುವುದಿಲ್ಲ. ಚೆಂಡು ಆ ಕಡೆ ಹೋದಾಗ ಸದ್ದು ಕೇಳಿಕೊಂಡು ಕಾಯಬೇಕು.

ಮೊದಲ ಪಂದ್ಯದಲ್ಲಿ ಅವಳು ಮತ್ತೆ ಮತ್ತೆ ಬೆಂಚಿನ ಕಡೆ ನೋಡುತ್ತಿದ್ದಳು, ಕರೆಯುತ್ತಾರೇನೋ ಎಂದು. ಮೂರನೆಯದರಲ್ಲಿ ನೋಡಲಿಲ್ಲ.

ರಾತ್ರಿ ಊಟಕ್ಕೆ ಕುಳಿತಾಗ ಅವಳೇ ಅನ್ನ ಕೇಳಿ ಹಾಕಿಸಿಕೊಂಡಳು.

ಸುಧನ್ವ


ತಿರುವನಂತಪುರ
10 ನವೆಂಬರ್ 2024

ಸುಧನ್ವ,

ಚಿಕ್ಕ ಕಾಗದ. ನಿನ್ನೆ ಧನು ತಾನಾಗಿ ಫೋನ್ ಮಾಡಿ ಇಪ್ಪತ್ತು ನಿಮಿಷ ಮಾತಾಡಿದಳು. ನನಗೆ ಅರ್ಧ ಅರ್ಥವಾಗಲಿಲ್ಲ. ಯಾರೋ ಒತ್ತಿದರಂತೆ, ಇವಳು ತಿರುಗಿದಳಂತೆ, ಪಾವನಾ ಕಿರುಚಿದಳಂತೆ. ಕೊನೆಗೆ ‘ಅಪ್ಪ ಬರೋದೇ ಇಲ್ಲ ಪಂದ್ಯಕ್ಕೆ’ ಎಂದಳು. ನೀವು ಟ್ಯಾಂಕಿನ ಹಿಂದೆ ನಿಂತಿರುವುದನ್ನು ಹೇಳಲೋ ಬೇಡವೋ ತಿಳಿಯದೆ ಸುಮ್ಮನಿದ್ದೆ. ನೀವು ಹೇಳಿರುತ್ತೀರಿ ಎಂದುಕೊಂಡಿದ್ದೆ.

ಅವಳಿಗೆ ಶಿಬಿರ ಸಿಗುತ್ತದೆ ಎಂದು ನನಗೆ ಈಗ ಅನ್ನಿಸತೊಡಗಿದೆ. ಹಾಗೆ ಅನ್ನಿಸುವುದು ಒಳ್ಳೆಯದೋ ಕೆಟ್ಟದ್ದೋ.

ನಂದಿತಾ


ಕೊಚ್ಚಿ
1 ಡಿಸೆಂಬರ್ 2024

ನಂದಿತಾ,

ಶುಕ್ರವಾರ ಜಾಯ್ಸ್ ನಾಲ್ಕು ಹೆಸರು ಕಳಿಸಿದಳು. ಪಾವನಾ ಇದ್ದಾಳೆ. ಧನು ಇಲ್ಲ.

ಫೋನ್ ಮಾಡಬಹುದಿತ್ತು. ಅವಳೇ ನಿನಗೆ ಹೇಳಿದ್ದಾಳೆ ಎಂದು ಗೊತ್ತಾಯಿತು.

ಜಾಯ್ಸ್ ನನಗೆ ಏನೂ ಹೇಳಬೇಕಾಗಿರಲಿಲ್ಲ, ಆದರೂ ಬಂದು ಹೇಳಿದಳು. ಧನುವಿನ ಮೊದಲ ಇಪ್ಪತ್ತು ನಿಮಿಷ ಇಡೀ ತಂಡದಲ್ಲಿ ಯಾರಿಗೂ ಬರುವುದಿಲ್ಲವಂತೆ. ಆಮೇಲೆ ಅರ್ಧ ಸೆಕೆಂಡು ತಡವಾಗುತ್ತಾಳೆ. ಪಂದ್ಯ ಆಡಿ ಆಡಿ ಬರಬೇಕಾದ ದಮ್ಮು ಅದು, ಅಭ್ಯಾಸದಲ್ಲಿ ಬರುವುದಿಲ್ಲ. ‘ಜೂನಿನಿಂದ ಆಡಿದ್ದರೆ ಬರುತ್ತಿತ್ತೇನೋ ಸಾರ್. ಬರುತ್ತಿರಲಿಲ್ಲವೇನೋ. ನನಗೆ ಗೊತ್ತಿಲ್ಲ’ ಎಂದಳು.

ನಾನು ಒಂದು ಪ್ರಶ್ನೆ ಕೇಳಿದೆ. ಕೇಳಬಾರದಿತ್ತು. ನನ್ನ ಮಗಳು ಎಂದು ಜನ ಆಡಿಕೊಳ್ಳುತ್ತಾರೆ ಎಂಬ ಹೆದರಿಕೆಯಿಂದ ಬಿಟ್ಟೆಯಾ ಎಂದು ಕೇಳಿದೆ.

‘ಅದನ್ನ ಕೇಳಬೇಡಿ ಸಾರ್. ಹೊರಗೆ ಕೂತಿದ್ದೀರಿ, ಹೊರಗೇ ಇರಿ’ ಎಂದಳು.

2001ರಲ್ಲಿ ನನಗೆ ಆದದ್ದು ಇದೇ. ಮೇಲೋ ಕೆಳಗೋ ಎಂದು ಯಾವತ್ತೂ ತಿಳಿಯುವುದಿಲ್ಲ. ಬೇರೆಯವರ ಮಗುವಿಗೆ ಹಾಗಾಗಬಾರದು ಎಂದು ನಾನು ನೋಡಿಕೊಂಡೆ. ನನ್ನ ಮಗುವಿಗೆ ನಾನೇ ಹಾಗೆ ಮಾಡಿದೆ. ಜಾಯ್ಸ್ ಅಲ್ಲ, ನೀನೂ ಅಲ್ಲ. ವೈಟ್ಟಿಲದ ಮಾತನ್ನು ನಾನು ಬರೆಯಬಾರದಿತ್ತು.

ಧನು ಅಳಲಿಲ್ಲ. ಪಾವನಾಳಿಗೆ ಬ್ಯಾಗು ಕಟ್ಟಲು ಸಹಾಯ ಮಾಡಿದಳು. ನಿನ್ನೆ ಬೆಳಿಗ್ಗೆ ನನ್ನ ಹತ್ತಿರ ಬಂದು ಒಂದೇ ಮಾತು ಕೇಳಿದಳು. ಅವಳ ಆಟದ ಬಗ್ಗೆ ನನ್ನ ಅಭಿಪ್ರಾಯ ಏನು ಎಂದು. ಜಾಯ್ಸ್ ಚೇಚಿ ಹೇಳಿದ್ದು ಕೇಳಿ ಆಯಿತು, ನೀವು ಇಷ್ಟು ದಿನದಲ್ಲಿ ಒಂದು ಸಲವೂ ಹೇಳಿಲ್ಲ ಎಂದಳು. ಮಿಕ್ಕ ಇಪ್ಪತ್ತೊಂದು ಹುಡುಗಿಯರಿಗೂ ವಾರಕ್ಕೊಮ್ಮೆ ಕೂರಿಸಿ ಹೇಳುತ್ತಿದ್ದೆ. ಅವಳನ್ನು ಕೂರಿಸಿರಲಿಲ್ಲ.

ಇವತ್ತು ಅವಳನ್ನು ಮೈದಾನಕ್ಕೆ ಕರೆದುಕೊಂಡು ಹೋದೆ. ಯಾರೂ ಇರಲಿಲ್ಲ. ಮಧ್ಯದ ಗೆರೆಯ ಹತ್ತಿರ ನಿಂತೆವು. ಕಾಲು ಗಂಟೆ ನಿಂತೆವು. ನನ್ನ ಬಾಯಿಂದ ಬಂದದ್ದು, ಹುಲ್ಲು ಕತ್ತರಿಸಬೇಕು ಎಂದು.

ಸುಧನ್ವ


ತಿರುವನಂತಪುರ
5 ಡಿಸೆಂಬರ್ 2024

ಸುಧನ್ವ,

ಬೈಯುವುದಕ್ಕೂ ಸಮಾಧಾನ ಹೇಳುವುದಕ್ಕೂ ಇದನ್ನು ಬರೆಯುತ್ತಿಲ್ಲ. ಅವೆರಡೂ ನನ್ನ ಹತ್ತಿರ ಇಲ್ಲ. ‘ಒಂದು ಮಾತು ಆಡುವುದಿಲ್ಲ’ ಎಂದಿದ್ದೆ, ಜಾಯ್ಸ್ ಬಗ್ಗೆ ಆಡುವುದೂ ಇಲ್ಲ.

ರಜೆ ಹಾಕಿ ಬರಲೇ ಎಂದು ಯೋಚಿಸಿದೆ. ಬರುವುದಿಲ್ಲ. ಬಂದರೆ ಇಬ್ಬರೂ ನನ್ನ ಜೊತೆ ಮಾತಾಡುತ್ತೀರಿ, ಒಬ್ಬರೊಬ್ಬರ ಜೊತೆ ಆಡುವುದಿಲ್ಲ. ನಮ್ಮ ಮನೆಯಲ್ಲಿ ಬಹಳ ದಿನದಿಂದ ಹೀಗೇ ನಡೆದಿದೆ. ನನಗೆ ಅದರಿಂದ ಒಂದು ಬಗೆಯ ದೊಡ್ಡಸ್ತಿಕೆಯೂ ಇತ್ತು.

ಅವಳು ಕೇಳಿದ್ದಕ್ಕೆ ಉತ್ತರ ಕೊಡಿ. ಅಪ್ಪನಾಗಿ ಹೇಳುವುದು ಆಮೇಲೆ ಇರಲಿ, ಮೊದಲು ಕೋಚ್ ಆಗಿ ಹೇಳಿ. ಮೃದು ಮಾಡಬೇಡಿ. ಬಾಯಲ್ಲಿ ಬರದಿದ್ದರೆ ನನಗೆ ಬರೆಯುವ ಹಾಗೆ ಅವಳಿಗೆ ಬರೆಯಿರಿ. ನಿಮಗೆ ಬರೆಯಲು ಬರುತ್ತದೆ. ಈ ವರ್ಷ ನನಗೆ ತಿಳಿದದ್ದು ಅದೊಂದೇ ಒಳ್ಳೆಯ ಸುದ್ದಿ.

ನಂದಿತಾ


ಕೊಚ್ಚಿ
18 ಡಿಸೆಂಬರ್ 2024

ನಂದಿತಾ,

ಧನು ಶನಿವಾರದ ರೈಲಿಗೆ ಕ್ರಿಸ್‌ಮಸ್ ರಜೆಗೆ ಬರುತ್ತಾಳೆ. ಈ ಲಕೋಟೆ ಅವಳ ಕೈಯಲ್ಲೇ ಕಳಿಸುತ್ತಿದ್ದೇನೆ. ಒಳಗಿನ ಆರು ಹಾಳೆ ಅವಳದು. ಎಂಟು ದಿನ ಹಿಡಿಯಿತು. ಇಂಗ್ಲಿಷಿನಲ್ಲಿ ಶುರು ಮಾಡಿದೆ, ವರದಿಯ ಹಾಗೆ ಆಯಿತು, ಹರಿದೆ. ಕನ್ನಡದಲ್ಲಿ ಬರೆದಿದ್ದೇನೆ. ಅವಳು ಕನ್ನಡ ಕೂಡಿಸಿಕೊಂಡು ಓದುವಷ್ಟರಲ್ಲಿ ಬೇಸರವಾಗುತ್ತದೆ. ನೀನು ಓದಿ ಹೇಳು.

ಬೈದದ್ದನ್ನು ಬಿಡಬೇಡ.

ಸುಧನ್ವ


ತಿರುವನಂತಪುರ
24 ಡಿಸೆಂಬರ್ 2024

ಸುಧನ್ವ,

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಓದಿದೆ. ಅವಳು ನೆಲದ ಮೇಲೆ ಗೋಡೆಗೆ ಒರಗಿ ಕುಳಿತಿದ್ದಳು. ಬೈದದ್ದು ಏನನ್ನೂ ಬಿಡಲಿಲ್ಲ.

ಮೊದಲ ನಾಲ್ಕು ಹಾಳೆ ಅವಳು ಜಗಳವಾಡುತ್ತಲೇ ಕೇಳಿದಳು. ಅಕ್ಟೋಬರ್ ಆರರ ಪಂದ್ಯದಲ್ಲಿ ಅವಳು ಪಾಸ್ ಕೊಟ್ಟದ್ದು ತಡ ಎಂದಿದ್ದೀರಲ್ಲ, ತಡವಲ್ಲವಂತೆ, ಪಾವನಾ ಓಡಿದ್ದೇ ಮುಂಚೆಯಂತೆ. ನನಗೆ ಕೈಯಲ್ಲಿ ಗೆರೆ ಎಳೆದು ತೋರಿಸಿದಳು. ಎದೆಯಲ್ಲಿ ಚೆಂಡು ಇಳಿಸುವಾಗ ಕಣ್ಣು ಮುಚ್ಚುತ್ತಾಳೆ ಎಂಬುದಕ್ಕೆ ಮಾತ್ರ ಸುಮ್ಮನಾದಳು. ಒಂಬತ್ತು ನಿಮಿಷದ ದಿನ ಅವಳನ್ನು ಕರೆದದ್ದು ಅವಳ ಆಟ ಕೆಟ್ಟಿದ್ದಕ್ಕಲ್ಲ, ಆ ನಗುವನ್ನು ನಿಮಗೆ ತಡೆದುಕೊಳ್ಳಲಾಗಲಿಲ್ಲ ಎಂದು ಬರೆದಿದ್ದೀರಲ್ಲ, ಅದನ್ನು ಎರಡು ಸಲ ಓದಿಸಿದಳು.

ಐದನೇ ಹಾಳೆಯಲ್ಲಿ ಸೆಪ್ಟೆಂಬರ್ ಎಂಟು ಬಂತು. ಆವತ್ತು ಅವಳು ಆಡಿರಲೇ ಇಲ್ಲ. ನೀವು ಬರೆದದ್ದು ಹೀಗಿದೆ:

‘ನೀನು ಬೆಂಚಿನಲ್ಲಿ ಕುಳಿತು ಎದುರಾಳಿ ತಂಡದ ಎಂಟನೇ ನಂಬರಿನವಳನ್ನೇ ನೋಡುತ್ತಿದ್ದೆ. ಅವಳು ಒತ್ತಡ ಬಂದಾಗಲೆಲ್ಲ ಬಲಕ್ಕೇ ತಿರುಗುತ್ತಾಳೆ ಎಂದು ನಿನಗೆ ಹತ್ತು ನಿಮಿಷದಲ್ಲಿ ಗೊತ್ತಾಯಿತು. ಪಕ್ಕದವಳಿಗೆ ಕೈ ತಿರುಗಿಸಿ ತೋರಿಸಿದೆ. ನನಗೆ ಅದು ಗೊತ್ತಾದದ್ದು ವಿರಾಮದ ನಂತರ, ಅದೂ ನಿನ್ನ ಕೈ ನೋಡಿ. ಮೈದಾನವನ್ನು ಹೀಗೆ ಓದಲು ನನಗೆ ಮೂವತ್ತು ವರ್ಷ ಬೇಕಾಯಿತು. ಆವತ್ತು ನಿನ್ನನ್ನು ಇಳಿಸಬೇಕಿತ್ತು. ಇಳಿಸಲಿಲ್ಲ. ನಾವು ಎರಡು ಗೋಲಿನಿಂದ ಸೋತೆವು.’

ಅವಳು ಎದ್ದು ನನ್ನ ಕೈಯಿಂದ ಹಾಳೆ ತೆಗೆದುಕೊಂಡಳು. ತಾನೇ ಅಕ್ಷರ ಕೂಡಿಸಿ ಓದಲು ನೋಡಿದಳು. ಆಮೇಲೆ ಕೇಳಿದಳು, ‘ಅಪ್ಪ ನೋಡ್ತಾ ಇದ್ರಾ?’ ಮಲಯಾಳದಲ್ಲೇ ಕೇಳಿದಳು. ಹೌದು ಎಂದೆ. ನೀರಿನ ಟ್ಯಾಂಕಿನ ವಿಷಯವನ್ನೂ ಹೇಳಿದೆ. ಅವಳು ಮೊದಲು ನಕ್ಕಳು. ಆಮೇಲೆ ಮೂರು ವಾರದಿಂದ ಅಳದಿದ್ದದ್ದನ್ನು ಅತ್ತಳು. ನಾನು ಹತ್ತಿರ ಹೋಗಲಿಲ್ಲ, ಅಲ್ಲೇ ಕುಳಿತಿದ್ದೆ. ಸರಿಯೋ ತಪ್ಪೋ ಗೊತ್ತಿಲ್ಲ.

ಅವಳು ನಿಮ್ಮನ್ನು ಕ್ಷಮಿಸಿದ್ದಾಳೆ ಎಂದು ಬರೆಯಲು ನನಗೆ ಧೈರ್ಯವಿಲ್ಲ. ನಿಮ್ಮ ಕ್ಲಬ್ಬಿಗೆ ಇನ್ನು ಆಡುವುದಿಲ್ಲವಂತೆ. ಮಾರ್ಚಿನವರೆಗೆ ಶಾಲೆಗಾಗಿ ಅಲ್ಲೇ ಇದ್ದು, ಪ್ಲಸ್ ಟೂ ಇಲ್ಲಿ ಓದುತ್ತಾಳಂತೆ. ಜಾಯ್ಸ್ ತನ್ನ ಹಳೆಯ ಕ್ಲಬ್ಬಿಗೆ ಫೋನ್ ಮಾಡಿ ಹೇಳಿದ್ದಾಳೆ. ಇವತ್ತು ಬೆಳಿಗ್ಗೆ ಇಬ್ಬರೂ ಬಸ್ಸಿನಲ್ಲಿ ವಿಳಿಂಜಂಗೆ ಹೋಗಿ ಬಂದೆವು. ಅಲ್ಲಿಯ ಕೋಚ್ ಒಬ್ಬ ವಯಸ್ಸಾದ ಹೆಂಗಸು. ಹೆಸರು ಕೇಳಿದರು, ಯಾವ ಜಾಗದಲ್ಲಿ ಆಡ್ತೀ ಎಂದು ಕೇಳಿದರು. ಯಾರ ಮಗಳು ಎಂದು ಕೇಳಲಿಲ್ಲ. ನಾನು ಹೇಳಲು ಬಾಯಿ ತೆರೆದವಳು ಮುಚ್ಚಿಕೊಂಡೆ.

ರಜೆಯಲ್ಲಿ ಅವರದೊಂದು ಪಂದ್ಯಾವಳಿ ಇದೆ. ಮೊದಲ ಪಂದ್ಯ ಇಪ್ಪತ್ತೊಂಬತ್ತಕ್ಕೆ, ಭಾನುವಾರ, ಮಧ್ಯಾಹ್ನ ಮೂರೂವರೆಗೆ. ನಿಮ್ಮನ್ನು ಬರಹೇಳು ಎಂದಿದ್ದಾಳೆ. ಅಪ್ಪನಿಗೆ ನೀನೇ ಫೋನ್ ಮಾಡಿ ಹೇಳು ಎಂದೆ. ಕಾಗದದಲ್ಲಿ ಬರೆ, ಆಗ ಸರಿಯಾಗಿ ಓದುತ್ತಾರೆ ಎಂದಳು. ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಕೆಳಗೆ ಬರೆಯುತ್ತಿದ್ದೇನೆ.

ಮಧ್ಯದ ಗೆರೆಯ ಹತ್ತಿರ ನಿಲ್ಲಬೇಕು. ಟ್ಯಾಂಕು, ಮರ, ಬಸ್ಸು ಯಾವುದರ ಹಿಂದೆಯೂ ನಿಲ್ಲಬಾರದು. ಕೂಗಬೇಕಾಗಿಲ್ಲ. ‘ಅಪ್ಪ ನನ್ನನ್ನ ನೋಡೋದು ನನಗೆ ಕಾಣಬೇಕು.’

ನಂದಿತಾ